ಅಪಾಯ ತಪ್ಪಿದ ಮೇಲೂ ಎದೆ ಯಾಕೆ ಹೊಡೆದುಕೊಳ್ಳುತ್ತಲೇ ಇರುತ್ತದೆ?

ಓದುಗರ ಪ್ರಶ್ನೆ: ರಸ್ತೆ ದಾಟುವಾಗ ಗಾಡಿಯೊಂದು ತೀರಾ ಹತ್ತಿರ ಬಂತು. ಪಕ್ಕಕ್ಕೆ ಹಾರಿ ಬಚಾವಾದೆ. ಆದರೆ ಆಮೇಲೂ ತುಂಬಾ ಹೊತ್ತು ಎದೆ ಢವಢವ ಅನ್ನುತ್ತಿತ್ತು, ಕೈ ನಡುಗುತ್ತಿತ್ತು. ಗಂಡಾಂತರ ಮುಗಿಯಿತು ಅಂತ ಮನಸ್ಸಿಗೆ ಗೊತ್ತಾದರೂ ದೇಹಕ್ಕೆ ಯಾಕೆ ಗೊತ್ತಾಗುವುದಿಲ್ಲ?

ಉತ್ತರ: ದೇಹಕ್ಕೂ ಗೊತ್ತಾಗಿರುತ್ತದೆ. ಆದರೆ ಅಷ್ಟರಲ್ಲಿ ರಕ್ತಕ್ಕೆ ಬಿಟ್ಟ ಸುದ್ದಿಯನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ.

ನಿಮ್ಮನ್ನು ಪಕ್ಕಕ್ಕೆ ಹಾರಿಸಿದ್ದು ನರಗಳು. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ವಿದ್ಯುತ್ ಇರುತ್ತದೆ. ಸಂಕೇತ ಬಂದಾಗ ಕೋಶದ ಪೊರೆಯಲ್ಲಿ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನಂತಾಗುತ್ತದೆ. ಒಂದೆರಡು ಮಿಲಿಸೆಕೆಂಡಿನ ಕೆಲಸ. ಈ ಏರಿಳಿತವೇ ನರದುದ್ದಕ್ಕೂ ಓಡುತ್ತದೆ. ಕೊಬ್ಬಿನ ಹೊದಿಕೆಯಿರುವ ದಪ್ಪ ನರಗಳಲ್ಲಿ ಅದರ ವೇಗ ಸೆಕೆಂಡಿಗೆ 100 ಮೀಟರಿನಷ್ಟು. ಹೊದಿಕೆಯಿಲ್ಲದ ತೆಳು ನರಗಳಲ್ಲಿ ಬರೀ ಒಂದು ಮೀಟರಿನ ಆಸುಪಾಸು. ಕಾಲ್ಬೆರಳು ಬಾಗಿಲಿಗೆ ಬಡಿದಾಗ ಬಡಿದದ್ದು ಮೊದಲು ತಿಳಿಯುತ್ತದೆ, ಆ ಜೀವ ಹಿಂಡುವ ನೋವು ಒಂದು ಕ್ಷಣ ಬಿಟ್ಟು ಬರುತ್ತದೆ, ಅಲ್ವಾ? ಕಾರಣ ಇದೇ.

ನರದ ತುದಿಯಲ್ಲಿ ಮಾತ್ರ ವಿದ್ಯುತ್ತು ಸಾಮಾನ್ಯವಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಕೋಶಕ್ಕೆ ದಾಟುವುದು ರಾಸಾಯನಿಕ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಇದನ್ನು ತೋರಿಸಿದ ಬಗೆ ನನಗೆ ಬಹಳ ಇಷ್ಟ. ಕಪ್ಪೆಯ ಮಿಡಿಯುವ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಅವರು ಪ್ರಚೋದಿಸಿದರು. ಬಡಿತ ನಿಧಾನವಾಯಿತು. ಆ ಹೃದಯವನ್ನು ಇಟ್ಟಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು! ಸುದ್ದಿ ದ್ರವದಲ್ಲೇ ಇತ್ತು. ಅದು ಅಸಿಟೈಲ್‌ಕೋಲಿನ್ ಅಂತ ಆಮೇಲೆ ಗೊತ್ತಾಯಿತು.

ಇಂಥ ರಾಸಾಯನಿಕ ಎರಡು ಕೋಶಗಳ ನಡುವಿನ ಕಿರಿದಾದ ಸಂದಿಯಲ್ಲೇ ಇದ್ದರೆ ಬೇಗ ಖಾಲಿಯಾಗುತ್ತದೆ. ಹಾರ್ಮೋನಿನ ಕಥೆ ಬೇರೆ. ಗಾಡಿ ಕಂಡ ಕೂಡಲೇ ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೂ ನರದ ಮೂಲಕ ಕರೆ ಹೋಗುತ್ತದೆ. ಅವು ಅಡ್ರಿನಾಲಿನ್ ಎಂಬ ಹಾರ್ಮೋನನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ರಕ್ತ ಹೋದಲ್ಲೆಲ್ಲ ಅದೂ ಹೋಗುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುವ ಕೋಶಗಳು ಮಾತ್ರ ಓಗೊಡುತ್ತವೆ, ಒಂದೊಂದೂ ತನ್ನದೇ ರೀತಿಯಲ್ಲಿ. ಲಿವರ್ ಸಕ್ಕರೆ ಬಿಡುತ್ತದೆ. ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಹಾಗಾಗಿ ಮುಖ ಬಿಳಿಚಿಕೊಳ್ಳುತ್ತದೆ. ಸ್ನಾಯುಗಳ ಮೇಲೆ ಅದರ ಪ್ರಭಾವ ಜಾಸ್ತಿಯಾದಾಗ ಕೈ ನಡುಗುತ್ತದೆ. ಹೃದಯಕ್ಕೆ ತನ್ನದೇ ವಿದ್ಯುತ್ ಮಿಡಿತವಿದೆ, ಅದನ್ನು ಹುಟ್ಟಿಸಲು ನರ ಬೇಕಿಲ್ಲ. ಅಡ್ರಿನಾಲಿನ್ ಆ ಮಿಡಿತವನ್ನೇ ಚುರುಕುಗೊಳಿಸುತ್ತದೆ. ನರದ ವಿದ್ಯುತ್ತಿನಿಂದ ಹೊರಟ ಸುದ್ದಿ ರಾಸಾಯನಿಕವಾಗಿ ಬಂದು ಹೃದಯದಲ್ಲಿ ಮತ್ತೆ ವಿದ್ಯುತ್ತಿನ ಮೇಲೆ ಕೆಲಸ ಮಾಡುತ್ತದೆ. ನರ ಬೇರೆ, ಹಾರ್ಮೋನ್ ಬೇರೆ ಅಂತ ಶಾಲೆಯಲ್ಲಿ ಎರಡು ಪಾಠ ಮಾಡುವಾಗ ಇದು ಕೈತಪ್ಪಿ ಹೋಗುತ್ತದೆ.

ಗಾಡಿ ಮುಂದೆ ಹೋಯಿತು, ಕರೆ ನಿಂತಿತು. ಆದರೆ ರಕ್ತದಲ್ಲಿರುವ ಅಡ್ರಿನಾಲಿನ್ ಅನ್ನು ಕೋಶಗಳು ಹೀರಿಕೊಂಡು, ಲಿವರ್ ಮುಂತಾದವು ಒಡೆದು ಮುಗಿಸಬೇಕು. ಅರ್ಧ ಇಳಿಯಲು ಎರಡು ಮೂರು ನಿಮಿಷ ಬೇಕು, ಉಳಿದುದರಲ್ಲಿ ಅರ್ಧಕ್ಕೆ ಮತ್ತೆ ಅಷ್ಟೇ. ಅದೇ ಗ್ರಂಥಿಯ ಹೊರಪದರದಿಂದ ಬರುವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಇನ್ನೂ ನಿಧಾನ. ಏರಲು ನಿಮಿಷಗಳು, ಇಳಿಯಲು ಗಂಟೆಯ ಮೇಲೆ. ಘಟನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನೆನೆದರೆ ಹೊಸ ಕರೆಗಳೂ ಹೋಗುತ್ತಿರುತ್ತವೆ.

ಆ ಹೊತ್ತಿನಲ್ಲಿ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಡಿ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಒಳಗೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ ಆಗುವುದು ಬೆರಳಿಗೇ ತಿಳಿಯಬಹುದು. ಹೆದರಿಕೆ, ದಣಿವು ಏನೂ ಇಲ್ಲದೆ ಪದೇ ಪದೇ ಎದೆ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ಅದನ್ನು ಡಾಕ್ಟರಿಗೆ ತೋರಿಸಿ.