ಮಳೆಗಿಂತ ಮರದ ಕಾಟವೇ ಹೆಚ್ಚು: ಸ್ಮಾಲ್ ಸೆಲ್ ಬ್ಯಾಕ್‌ಹಾಲ್ ಲೆಕ್ಕಾಚಾರ

ಪ್ರಶ್ನೆ: ಬೆಂಗಳೂರಿನ ಲೈಟ್ ಕಂಬಗಳಿಗೆ 5ಜಿ ಸ್ಮಾಲ್ ಸೆಲ್ ಕೂರಿಸಿ, ಫೈಬರ್ ಬದಲು ವೈರ್‌ಲೆಸ್‌ನಲ್ಲೇ ಒಂದಕ್ಕೊಂದು ಜೋಡಿಸಬಹುದು ಅನ್ನುತ್ತಾರೆ. ಜೋರು ಮಳೆ ಬಂದರೆ ಎಲ್ಲವೂ ಒಟ್ಟಿಗೆ ಬಿದ್ದುಹೋಗುವುದಿಲ್ಲವೇ?

ಉತ್ತರ: ಕಂಬದಿಂದ ಕಂಬಕ್ಕೆ ಇರುವ ದೂರ ಕಡಿಮೆ ಇದ್ದರೆ ಬೀಳುವುದಿಲ್ಲ. ಮಳೆಗೆ ಡಿಶ್ ಟಿವಿ ಕೈಕೊಡುವುದನ್ನು ನೋಡಿದವರಿಗೆ ಈ ಅನುಮಾನ ಬರುವುದು ಸಹಜ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ‘ಒಟ್ಟಿಗೆ’ ಎಂಬ ಮಾತು ಬಹಳ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಸ್ಮಾಲ್ ಸೆಲ್ ಅಂದರೆ ನೂರಿನ್ನೂರು ಮೀಟರ್ ವ್ಯಾಪ್ತಿಯ ಪುಟ್ಟ ಬೇಸ್ ಸ್ಟೇಷನ್. ಅಲ್ಲಿಂದ ಕಂಪನಿಯ ಕೋರ್ ನೆಟ್‌ವರ್ಕ್ (ಮುಖ್ಯ ಜಾಲ) ತನಕ ಡೇಟಾ ಸಾಗುವ ದಾರಿಯೇ ಬ್ಯಾಕ್‌ಹಾಲ್. ಫೈಬರ್ ಸಿಕ್ಕರೆ ಚರ್ಚೆಯೇ ಬೇಡ. ಆದರೆ ಒಂದೊಂದು ಕಂಬಕ್ಕೂ ರಸ್ತೆ ಅಗೆಯಲು ಅನುಮತಿ, ಶುಲ್ಕ, ಆಮೇಲೆ ಅಗೆದದ್ದನ್ನು ಮುಚ್ಚುವ ಗೋಳು. ಅದಕ್ಕೇ ವೈರ್‌ಲೆಸ್. ಹೆಚ್ಚಾಗಿ ಬಳಸಲು ನೋಡುವುದು ಇ-ಬ್ಯಾಂಡ್, ಅಂದರೆ 71–76 ಮತ್ತು 81–86 ಗಿಗಾಹರ್ಟ್ಸ್. 2022ರ 5ಜಿ ಹರಾಜಿಗೆ ಮುನ್ನ ಕೇಂದ್ರ ಸಂಪುಟವು ಟೆಲಿಕಾಂ ಕಂಪನಿಗಳಿಗೆ ಈ ಬ್ಯಾಂಡಿನಲ್ಲಿ ತಲಾ 250 ಮೆಗಾಹರ್ಟ್ಸ್‌ನ ಎರಡು ಕ್ಯಾರಿಯರ್‌ಗಳನ್ನು (ತರಂಗಾಂತರದ ತುಂಡುಗಳನ್ನು) ತಾತ್ಕಾಲಿಕವಾಗಿ ಕೊಡಲು ತೀರ್ಮಾನಿಸಿತ್ತು. 60 ಗಿಗಾಹರ್ಟ್ಸ್‌ನ ವಿ-ಬ್ಯಾಂಡ್ ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಬಳಕೆಗೆ ಸಿಗುತ್ತದೆ. ನಮ್ಮಲ್ಲಿ ಅದು ವರ್ಷಗಟ್ಟಲೆ ಹಗ್ಗಜಗ್ಗಾಟದ ವಿಷಯ.

ಈಗ ಮಳೆ. 80 ಗಿಗಾಹರ್ಟ್ಸ್ ಸುಮಾರಿಗೆ, ಗಂಟೆಗೆ 100 ಮಿ.ಮೀ. ರಭಸದ ಮಳೆ ಕಿಲೋಮೀಟರಿಗೆ ಸುಮಾರು 30 ಡೆಸಿಬೆಲ್‌ನಷ್ಟು ಸಿಗ್ನಲ್ ತಿನ್ನುತ್ತದೆ (ಪ್ರತಿ 10 ಡೆಸಿಬೆಲ್‌ಗೆ ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ). ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಕೆಲವೇ ನಿಮಿಷ ಕಾಣುವ ರಭಸ ಅದು. ಎರಡು ಕಿ.ಮೀ. ಹಾಪ್ (ಒಂದು ಕಂಬದಿಂದ ಇನ್ನೊಂದಕ್ಕೆ ಒಂದು ಜಿಗಿತ) ಪೂರ್ತಿ ಅಂಥ ಮಳೆ ಸುರಿದರೆ ನಷ್ಟ 60 ಡೆಸಿಬೆಲ್, ಅಲ್ಲಿಗೆ ಕಥೆ ಮುಗಿಯಿತು. ಅದೇ 300 ಮೀಟರ್ ಹಾಪ್‌ಗೆ ಬರೀ 9. ಚಿಕ್ಕ ಆಂಟೆನಾ ಇದ್ದರೂ 20 ಡೆಸಿಬೆಲ್ ಮಾರ್ಜಿನ್, ಅಂದರೆ ಹೆಚ್ಚುವರಿ ಸಿಗ್ನಲ್, ಬಿಟ್ಟುಕೊಳ್ಳುವುದು ಇಷ್ಟು ದೂರದಲ್ಲಿ ಕಷ್ಟವಲ್ಲ. ಮಾರ್ಜಿನ್ ಕರಗುತ್ತ ಬಂದರೂ ರೇಡಿಯೊ ಏಕಾಏಕಿ ಸಾಯುವುದಿಲ್ಲ. ಹೆಚ್ಚು ಡೇಟಾ ತುಂಬುವ 256 ಕ್ಯೂಎಎಂ ವಿಧಾನದಿಂದ ಮೆಟ್ಟಿಲು ಮೆಟ್ಟಿಲಾಗಿ, ಕಡಿಮೆ ಡೇಟಾ ಹೊತ್ತರೂ ಗಟ್ಟಿಯಾದ ಕ್ಯೂಪಿಎಸ್‌ಕೆಗೆ ಇಳಿಯುತ್ತದೆ. ವೇಗ ಕಾಲು ಭಾಗದಷ್ಟಾಗುತ್ತದೆ. ಕರೆಗಳಿಗೆ ಮೊದಲ ಆದ್ಯತೆ ಕೊಟ್ಟಿದ್ದರೆ ಮಾತಾಡುವವರಿಗೆ ಗೊತ್ತೂ ಆಗುವುದಿಲ್ಲ, ವಿಡಿಯೊ ನೋಡುವವರು ಬೈದುಕೊಳ್ಳುತ್ತಾರೆ ಅಷ್ಟೆ.

ನಿಜವಾಗಿ ಕಾಡುವುದು ಮರ. ಈ ತರಂಗಾಂತರಕ್ಕೆ ಎದುರು ಕಂಬ ನೇರ ಕಾಣಲೇಬೇಕು. ನಡುವೆ ಒಂದೇ ಒಂದು ದಟ್ಟ ಮರ ಬಂದರೆ ಸಾಕು. ಎಲೆ ಒದ್ದೆಯಾದರಂತೂ ಕೇಳುವುದೇ ಬೇಡ. ಜಯನಗರದಂಥ ಬಡಾವಣೆಯಲ್ಲಿ ಫೆಬ್ರವರಿಯಲ್ಲಿ ಸರ್ವೆ ಮಾಡಿ ನೋಡಿ: ಹೊಂಗೆ ಎಲೆ ಉದುರಿಸಿ ನಿಂತಿರುತ್ತದೆ, ಈ ಕಂಬದಿಂದ ಆ ಕಂಬ ಸ್ಪಷ್ಟವಾಗಿ ಕಾಣುತ್ತದೆ, ಶೀಟಿನಲ್ಲಿ ‘ಕ್ಲಿಯರ್’ ಎಂದು ಬರೆದು ಮನೆಗೆ ಹೋಗಬಹುದು. ಯುಗಾದಿ ಹೊತ್ತಿಗೆ ಅದೇ ಮರ ಚಿಗುರಿ ಹಸಿರು ಗೋಡೆಯಾಗಿರುತ್ತದೆ. ಆದ್ದರಿಂದ ಸರ್ವೆ ಮಾಡುವುದಾದರೆ ಮರ ತುಂಬಿಕೊಂಡ ಕಾಲದಲ್ಲಿ ಮಾಡಬೇಕು, ಕೊಂಬೆ ಬೆಳೆಯುವುದಕ್ಕೂ ಜಾಗ ಬಿಡಬೇಕು. ಹಾಗಂತ ಹತ್ತಾರು ಮೀಟರ್ ತೆರವು ಬೇಕಿಲ್ಲ: 300 ಮೀಟರ್ ಹಾಪ್‌ನಲ್ಲಿ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಅಡ್ಡಿ ಇರಬಾರದ ಜಾಗದ) ತ್ರಿಜ್ಯ ನಟ್ಟನಡುವೆಯೂ ಅರ್ಧ ಮೀಟರ್ ಆಸುಪಾಸು. ಕಿರಿದಾದ ಸಂದಿಯಲ್ಲೂ ತೂರಿಸಬಹುದು, ಆ ಸಂದಿ ವರ್ಷವಿಡೀ ಸಂದಿಯಾಗಿಯೇ ಉಳಿದರೆ.

ಇನ್ನು ಕಂಬ. 30 ಸೆಂ.ಮೀ. ಡಿಶ್‌ನ ಕಿರಣ ಇಲ್ಲಿ ಸುಮಾರು ಒಂದು ಡಿಗ್ರಿ ಅಗಲ. 300 ಮೀಟರ್ ದೂರದಲ್ಲಿ ಅದು ಐದು ಮೀಟರ್. ಲೈಟ್ ಕಂಬವನ್ನು ನಿಲ್ಲಿಸಿದ್ದು ದೀಪ ಹೊರಲು, ಗುರಿ ಹಿಡಿಯಲು ಅಲ್ಲ. ಗಾಳಿಗೆ ಓಲಾಡಿದರೆ ಕಿರಣ ಆಚೆ ಹೋಗುತ್ತದೆ. ಹಾಗಾಗಿ ಇಲ್ಲಿ ದೊಡ್ಡ ಡಿಶ್ ಒಳ್ಳೆಯದು ಅನ್ನುವ ಹಳೆಯ ನಂಬಿಕೆ ಬಿಟ್ಟು, ಅಗಲ ಕಿರಣದ ಚಿಕ್ಕ ಆಂಟೆನಾ ಅಥವಾ ತಾನೇ ದಿಕ್ಕು ಸರಿಪಡಿಸಿಕೊಳ್ಳುವ ಆಂಟೆನಾ ಹಾಕುವುದೇ ಲೇಸು. ಇನ್ನೊಂದು ತಮಾಷೆ: ಎಷ್ಟೋ ಕಡೆ ಬೀದಿದೀಪಗಳಿಗೆ ಒಂದೇ ಪ್ಯಾನಲ್ಲಿನಿಂದ ಸ್ವಿಚ್ ಇರುತ್ತದೆ. ಬೆಳಗಾದರೆ ಲೈನಿನಲ್ಲಿ ಕರೆಂಟೇ ಇಲ್ಲ! ರೇಡಿಯೊಗೆ ಬೇರೆ ಲೈನ್ ಎಳೆಯುವ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಈಗ ‘ಒಟ್ಟಿಗೆ’ ವಿಷಯ. ಒಂದು ದಾರಿ ಕೆಟ್ಟರೆ ಇನ್ನೊಂದು ಇರಲಿ ಎಂದು ಕಂಬಗಳನ್ನು ಮೆಶ್ ಮಾಡುತ್ತಾರೆ, ಅಂದರೆ ಬಲೆಯಂತೆ ಹೆಣೆಯುತ್ತಾರೆ. ಮರಕ್ಕೆ, ವಾಲಿದ ಕಂಬಕ್ಕೆ, ಸುಟ್ಟ ರೇಡಿಯೊಗೆ ಅದು ಮದ್ದು. ಮಳೆಗಲ್ಲ. ಬಡಾವಣೆಗೆ ಮಳೆ ಹೊಡೆದರೆ ಎರಡನೆಯ ದಾರಿಯೂ ಅದೇ ಮಳೆಯಲ್ಲಿ ನೆನೆಯುತ್ತಿರುತ್ತದೆ. ಮಳೆಗೆ ಉತ್ತರ ಮಾರ್ಜಿನ್ ಮತ್ತು ಗಿಡ್ಡ ಹಾಪ್ ಮಾತ್ರ. ಈ ಎರಡು ಬಗೆಯ ತೊಂದರೆಗಳನ್ನು ಕಲಸಿ ‘ಮೆಶ್ ಇದೆ, ಚಿಂತೆ ಬೇಡ’ ಅನ್ನುವ ಪ್ರಸ್ತಾವ ಕಂಡರೆ ನಾನು ಅನುಮಾನದಿಂದಲೇ ನೋಡುತ್ತೇನೆ.

ಹಾಪ್ ಗಿಡ್ಡವಾದಷ್ಟೂ ಹಾಪ್‌ಗಳ ಸಂಖ್ಯೆ ಏರುತ್ತದೆ, ತೊಡಕು ಇರುವುದೇ ಅಲ್ಲಿ. 99.99% ಹೊತ್ತು ಚಾಲೂ ಅಂದರೆ ವರ್ಷಕ್ಕೆ 53 ನಿಮಿಷ ಸ್ಥಗಿತ. ಉಪಕರಣದ ದೋಷದಿಂದ ಒಂದೊಂದು ಹಾಪ್ ಅಷ್ಟು ಹೊತ್ತು ನಿಂತರೂ, ಸಾಲಾಗಿ ನಾಲ್ಕು ಹಾಪ್ ದಾಟುವ ಸೆಲ್‌ಗೆ ಅದು ಮೂರೂವರೆ ಗಂಟೆ. ಸಾಮರ್ಥ್ಯಕ್ಕೂ ಲೆಕ್ಕವಿದೆ: ಎಲ್ಲ ಸೆಲ್‌ಗಳ ಗರಿಷ್ಠ ವೇಗ ಕೂಡಿಸಬೇಕಿಲ್ಲ. ಒಂದು ಸೆಲ್‌ನ ಗರಿಷ್ಠ ವೇಗ, ಎಲ್ಲ ಸೆಲ್‌ಗಳ ದಟ್ಟಣೆ ಹೊತ್ತಿನ ಸರಾಸರಿಯ ಮೊತ್ತ, ಇವೆರಡರಲ್ಲಿ ದೊಡ್ಡದನ್ನು ಹಿಡಿಯುವುದು ರೂಢಿ. ಒಂದು ಸೆಲ್‌ನ ಗರಿಷ್ಠ 1 ಗಿಗಾಬಿಟ್, ಸರಾಸರಿ 200 ಮೆಗಾಬಿಟ್ ಎಂದಿಟ್ಟುಕೊಂಡರೆ ನಾಲ್ಕು ಸೆಲ್ ಹೊರುವ ಹಾಪ್‌ಗೆ 1 ಗಿಗಾಬಿಟ್ ಸಾಕು, ಎಂಟಾದರೆ 1.6 ಬೇಕು. 250 ಮೆಗಾಹರ್ಟ್ಸ್‌ನ ಒಂದು ಕ್ಯಾರಿಯರ್ ಒಣ ಹವೆಯಲ್ಲಿ ಕೊಡುವುದು ಸುಮಾರು ಒಂದೂವರೆ. ಜೊತೆಗೆ 5ಜಿ ಟಿಡಿಡಿ ಸೆಲ್‌ಗಳ (ಒಂದೇ ತರಂಗಾಂತರದಲ್ಲಿ ಸರದಿಯಂತೆ ಕಳಿಸುವ, ಪಡೆಯುವ ಸೆಲ್‌ಗಳ) ಗಡಿಯಾರ ±1.5 ಮೈಕ್ರೊಸೆಕೆಂಡ್ ಒಳಗೆ ಹೊಂದಿಕೊಂಡಿರಬೇಕು. ಮರದಡಿಯ ಕಂಬಕ್ಕೆ ಸಮಯ ತಿಳಿಯಲು ಜಿಪಿಎಸ್ ನೆಚ್ಚಿಕೊಳ್ಳಲಾಗದು, ಸಮಯವೂ ಈ ಹಾಪ್‌ಗಳ ಮೇಲೆಯೇ ಬರಬೇಕು, ಪ್ರತಿ ಹಾಪ್ ಆ ಮಿತಿಯಲ್ಲಿ ಒಂದಿಷ್ಟು ಕಬಳಿಸುತ್ತದೆ.

ಅದಕ್ಕೇ ಪ್ಲ್ಯಾನಿಂಗ್ ಕಂಬದಿಂದಲ್ಲ, ಫೈಬರ್ ಎಲ್ಲಿ ಮೇಲೆ ಬಂದಿದೆ ಅನ್ನುವಲ್ಲಿಂದ ಶುರುವಾಗಬೇಕು. ಬೀದಿ ಕಂಬ, ಕಟ್ಟಡಗಳನ್ನು ಸ್ಮಾಲ್ ಸೆಲ್‌ಗೆ ಬಳಸುವ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಶಿಫಾರಸು ಕೊಡುವ ಮುನ್ನ ಪ್ರಯೋಗ ನಡೆಸಿದ ತಾಣಗಳಲ್ಲಿ ಬೆಂಗಳೂರಿನ ‘ನಮ್ಮ ಮೆಟ್ರೊ’ ಕೂಡ ಇತ್ತು. ನಕ್ಷೆಯಲ್ಲಿ ಫೈಬರ್ ಇರುವ ಇಂಥ ಬಿಂದುಗಳನ್ನು ಗುರುತಿಸಿ, ಯಾವ ಸೆಲ್ಲೂ ಅಲ್ಲಿಂದ ಎರಡು ಹಾಪ್‌ಗಿಂತ ದೂರ ಇರದಂತೆ ಹಂಚಿ. ಮೂರನೆಯ ಹಾಪ್ ಬೇಕಾಯಿತೆಂದರೆ ಆ ಬೀದಿಗೆ ಇನ್ನೊಂದು ಫೈಬರ್ ಎಳೆಯುವುದರ ದರ ವಿಚಾರಿಸಿ.