ಪದ ಪರಿಚಯ: ಕ್ರಿಶ್ಚಿಯನ್ ಫಿಕ್ಷನ್

ಪ್ರಕಾಶಕರು ‘ಕ್ರಿಶ್ಚಿಯನ್ ಫಿಕ್ಷನ್’ ಎನ್ನುವಾಗ ಅದಕ್ಕೆ ಕ್ರೈಸ್ತರು ಬರೆದ ಕಥೆ ಎಂಬ ಅರ್ಥವಿಲ್ಲ; ಕ್ರೈಸ್ತ ಪಾತ್ರಗಳಿರುವ ಕಥೆ ಎಂಬ ಅರ್ಥವೂ ಇಲ್ಲ. ಹಾಗಿದ್ದರೆ ದಾಸ್ತೋವ್‌ಸ್ಕಿಯ ಕಾದಂಬರಿಗಳನ್ನೂ ಆ ಕಪಾಟಿನಲ್ಲೇ ಇಡಬೇಕಾಗುತ್ತಿತ್ತು. ಮುಖ್ಯವಾಗಿ ಅಮೆರಿಕದ ಇವಾಂಜೆಲಿಕಲ್ (ಬೈಬಲಿಗೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ) ಪ್ರೊಟೆಸ್ಟೆಂಟ್ ಓದುಗರಿಗಾಗಿ, ಅವರದೇ ಪ್ರಕಾಶನ ಸಂಸ್ಥೆಗಳು ಅವರದೇ ಪುಸ್ತಕದಂಗಡಿಗಳ ಮೂಲಕ ಮಾರಿ ಬೆಳೆಸಿದ ಜನಪ್ರಿಯ ಕಾದಂಬರಿಗಳ ಪ್ರಕಾರಕ್ಕೆ ಈ ಹೆಸರು ನಿಂತಿದೆ. ಅದರೊಳಗೆ ಪ್ರೇಮಕಥೆ, ಪತ್ತೇದಾರಿ, ಹಳೆಯ ಕಾಲದ ಕುಟುಂಬ ಕಥೆ, ಲೋಕಾಂತ್ಯದ ರೋಚಕ ಕಥೆ ಎಲ್ಲವೂ ಇವೆ. ಎಲ್ಲದಕ್ಕೂ ಸಮಾನವಾದದ್ದು ಓದುಗರಿಗೆ ಸಿಗುವ ಒಂದು ಭರವಸೆ: ಬೈಗುಳ ಇರುವುದಿಲ್ಲ, ಮಲಗುವ ಕೋಣೆಯ ಬಾಗಿಲು ತೆರೆಯುವುದಿಲ್ಲ, ಮುಖ್ಯ ಪಾತ್ರವು ಕಥೆ ಮುಗಿಯುವುದರೊಳಗೆ ದೇವರ ಕಡೆಗೆ ಒಂದು ಹೆಜ್ಜೆಯನ್ನಾದರೂ ಇಟ್ಟಿರುತ್ತದೆ. ಕೊಡಗಿನ ವಿರಾಜಪೇಟೆ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಇಂಥವನ್ನು ಯಾರೂ ಆ ಇಂಗ್ಲಿಷ್ ಹೆಸರಿನಿಂದ ಕರೆಯುವುದಿಲ್ಲ. ‘ಒಳ್ಳೆಯ ಪುಸ್ತಕ, ಮಕ್ಕಳ ಕೈಗೂ ಕೊಡಬಹುದು’ ಎನ್ನುತ್ತಾರೆ. ಪ್ರಕಾರದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಈ ಪ್ರಕಾರದ ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸುವುದು 1678ರಲ್ಲಿ ರೂಪಕ ಕಥೆಯೊಂದನ್ನು ಪ್ರಕಟಿಸಿದ ಜಾನ್ ಬನಿಯನ್‌ನನ್ನು. ಆ ಕೃತಿಯನ್ನು ಬಾಸೆಲ್ ಮಿಷನ್‌ನವರು ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದಿದ್ದರು. 1843ರಲ್ಲಿ ‘ಮಂಗಳೂರು ಸಮಾಚಾರ’ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಅಮ್ಮತ್ತಿಯ ಸಮೀಪದ ಆನಂದಪುರದಲ್ಲಿ ನೆಲೆಯೂರಿದ್ದೂ ಅದೇ ಮಿಷನ್ನಿನ ಕೆಲಸ. ಆದರೆ ಬನಿಯನ್‌ನಿಂದ ಇಂದಿನ ಜನಪ್ರಿಯ ಕಾದಂಬರಿಗೆ ನೇರ ದಾರಿಯಿಲ್ಲ. ನಡುವೆ ಇರುವ ದೊಡ್ಡ ತಿರುವು ಕ್ಯಾನ್ಸಾಸ್ ರಾಜ್ಯದ ಟೊಪೀಕಾ ನಗರದ ಪಾದ್ರಿ ಚಾರ್ಲ್ಸ್ ಶೆಲ್ಡನ್. ‘ಈ ಜಾಗದಲ್ಲಿ ಯೇಸು ಇದ್ದಿದ್ದರೆ ಏನು ಮಾಡುತ್ತಿದ್ದ?’ ಎಂದು ಕೇಳಿಕೊಂಡು ಬದುಕಲು ಹೊರಟ ಒಂದು ಚರ್ಚಿನ ಸಭೆಯ ಕಥೆಯನ್ನು ಅವರು 1896ರಲ್ಲಿ ಭಾನುವಾರ ಸಂಜೆಯ ಪ್ರಸಂಗದ (ಧರ್ಮೋಪದೇಶದ) ಬದಲಿಗೆ ವಾರಕ್ಕೊಂದು ಅಧ್ಯಾಯದಂತೆ ಓದಿದರು. ಮೊದಲು ಅಚ್ಚಾದಾಗ ಹಕ್ಕುಸ್ವಾಮ್ಯ ಸರಿಯಾಗಿ ದಾಖಲಾಗದ್ದರಿಂದ ಕಂಡಕಂಡ ಪ್ರಕಾಶಕರೆಲ್ಲ ಅದನ್ನು ಅಚ್ಚು ಹಾಕಿದರು. ಲೇಖಕರಿಗೆ ದುಡ್ಡು ಬರಲಿಲ್ಲ, ಪುಸ್ತಕ ಮಾತ್ರ ಲೋಕವೆಲ್ಲ ಹರಡಿತು. ಗದ್ಯವಾಗಿ ನೋಡಿದರೆ ಅದು ಸೊರಗಿದ ಬರಹ. ಪ್ರಸಂಗಪೀಠದಿಂದ ಓದಿ ಹೇಳಲು ಬರೆದದ್ದಾದ್ದರಿಂದ ಪಾತ್ರಗಳೆಲ್ಲ ಪಾದ್ರಿಯ ದನಿಯಲ್ಲೇ ಮಾತನಾಡುತ್ತವೆ. ನೂರಿಪ್ಪತ್ತೈದು ವರ್ಷ ಕಳೆದರೂ ಅದನ್ನು ಓದುವವರಿದ್ದಾರೆ.

ಇಂದಿನ ಮಾರುಕಟ್ಟೆ ರೂಪುಗೊಂಡದ್ದು 1979ರಲ್ಲಿ ಬಂದ ಜನೆಟ್ ಓಕ್ ಅವರ ಪ್ರೇಮಕಥೆಯ ಯಶಸ್ಸಿನಿಂದ. ಟಿಮ್ ಲಹೇ ಮತ್ತು ಜೆರಿ ಜೆಂಕಿನ್ಸ್ 1995ರಲ್ಲಿ ಆರಂಭಿಸಿದ ‘ಲೆಫ್ಟ್ ಬಿಹೈಂಡ್’ ಲೋಕಾಂತ್ಯದ ಸರಣಿಯು 16 ಸಂಪುಟಗಳವರೆಗೆ ಬೆಳೆದು 6 ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದಾಗ ಹೊರಗಿನ ಪ್ರಕಾಶಕರೂ ಇತ್ತ ತಿರುಗಿ ನೋಡಿದರು. ವಿಮರ್ಶಕರು ಆ ಸರಣಿಯ ಬರವಣಿಗೆಯನ್ನು ಮುಲಾಜಿಲ್ಲದೆ ಟೀಕಿಸಿದರು, ಮಾರಾಟಕ್ಕೆ ಅದರಿಂದ ಏನೂ ಆಗಲಿಲ್ಲ. ಈ ಪ್ರಕಾರದ ಬಗ್ಗೆ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಇದೇ: ಬರವಣಿಗೆ ದುರ್ಬಲವಾಗಿದ್ದರೆ ಓದುಗರಿಗೆ ಅದರಿಂದ ಏನಾದರೂ ಆಗುತ್ತದೆಯೇ?

ಉತ್ತರಿಸುವ ಮೊದಲು ‘ದುರ್ಬಲ’ ಎಂದರೆ ಯಾವುದು ಎಂದು ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲಿ ಎರಡು ಬೇರೆ ದೋಷಗಳನ್ನು ಒಂದೇ ಹೆಸರಿನಿಂದ ಕರೆಯಲಾಗುತ್ತಿದೆ. ಮೊದಲನೆಯದು ವಾಕ್ಯದ ದೋಷ. ‘ಅವಳ ಕಣ್ಣಲ್ಲಿ ದುಃಖ ತುಂಬಿತ್ತು, ಏಕೆಂದರೆ ಅವಳು ತುಂಬ ದುಃಖದಲ್ಲಿದ್ದಳು’ ಎಂಬಂಥ ಸಾಲುಗಳು, ಇಬ್ಬರಿಗೂ ಗೊತ್ತಿರುವ ವಿಷಯವನ್ನು ಓದುಗರ ಸಲುವಾಗಿ ಪರಸ್ಪರ ವಿವರಿಸಿಕೊಳ್ಳುವ ಗಂಡ ಹೆಂಡತಿ, ಪ್ರತಿ ಅಧ್ಯಾಯದ ಕೊನೆಗೆ ಬರುವ ಆಶ್ಚರ್ಯಸೂಚಕ ಚಿಹ್ನೆ. ಇವು ಜನಪ್ರಿಯ ಸಾಹಿತ್ಯದಲ್ಲೆಲ್ಲ ಇರುವ ದೋಷಗಳು. ಮಲಯಾಳದವರು ‘ಪೈಂಗಿಳಿ’ ಎಂದು ಮೂಗು ಮುರಿಯುವ ವಾರಪತ್ರಿಕೆಯ ಧಾರಾವಾಹಿಗಳಲ್ಲಿಯೂ ಇವೆ, ನಮ್ಮ ಧಾರಾವಾಹಿಗಳಲ್ಲಿಯೂ ಇವೆ. ಕಥೆ ಹೀಗೇ ಮುಗಿಯುತ್ತದೆಂದು ಮೊದಲೇ ಗೊತ್ತಾಗುವುದನ್ನು ನಾನು ಈ ಪಟ್ಟಿಗೆ ಸೇರಿಸಲಾರೆ. ಯಕ್ಷಗಾನ ಪ್ರಸಂಗದ ಕೊನೆ ಗೊತ್ತಿದ್ದೂ ಜನ ಬೆಳಗಿನವರೆಗೆ ಕುಳಿತಿರುತ್ತಾರೆ.

ವಾಕ್ಯದ ದೋಷ ಈ ಓದುಗರಿಗೆ ನಿಜಕ್ಕೂ ಅಡ್ಡಿಯಾಗುವುದಿಲ್ಲ. ವಿರಾಜಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರಿಂದ ನನ್ನ ಕೈಗೆ ಬಂದ ಇಂಥದೊಂದು ಕಾದಂಬರಿಯ ಪ್ರತಿ ಎಷ್ಟೋ ಮಳೆಗಾಲಗಳ ತೇವಕ್ಕೆ ಉಬ್ಬಿ, ಬೆನ್ನಿಗೆ ಔಷಧದಂಗಡಿಯ ಬಿಳಿ ಟೇಪು ಅಂಟಿಸಿಕೊಂಡಿತ್ತು. ಅದರೊಳಗೆ ಮೂರು ಬಣ್ಣದ ಬಾಲ್‌ಪೆನ್ನಿನ ಗೀಟುಗಳಿದ್ದವು, ಎಂದರೆ ಕನಿಷ್ಠ ಮೂವರು ಅದನ್ನು ಪೆನ್ನು ಹಿಡಿದು ಓದಿದ್ದರು. ಗೀಟುಗಳೆಲ್ಲ ಬಿದ್ದಿದ್ದದ್ದು ಯಾವುದೇ ಸಂಪಾದಕ ಮೊದಲು ಹೊಡೆದುಹಾಕಬಹುದಾದ ಸಾಲುಗಳ ಕೆಳಗೆ: ಮಗುವನ್ನು ಕಳೆದುಕೊಂಡ ತಾಯಿಯ ಉದ್ದನೆಯ ಪ್ರಾರ್ಥನೆ, ಕ್ಷಮೆಯ ಬಗ್ಗೆ ಅಜ್ಜಿಯ ಉಪದೇಶ. ಒಂದೆಡೆ ಅಂಚಿನಲ್ಲಿ ಯಾರದೋ ಹೆಸರಿನ ಮೊದಲಕ್ಷರ ಮತ್ತು ಒಂದು ತಾರೀಖು.

1961ರಲ್ಲಿ ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ತಮ್ಮ ವಿಮರ್ಶಾ ಗ್ರಂಥವೊಂದರಲ್ಲಿ ಒಂದು ಸಲಹೆ ಕೊಟ್ಟಿದ್ದರು: ಪುಸ್ತಕದ ಮಟ್ಟ ನೋಡಿ ಓದುಗನ ಅಭಿರುಚಿಯನ್ನು ಅಳೆಯುವ ಬದಲು, ಆ ಪುಸ್ತಕವನ್ನು ಜನ ಹೇಗೆ ಓದುತ್ತಾರೆ ಎಂಬುದರಿಂದ ಪುಸ್ತಕವನ್ನೇ ಅಳೆದು ನೋಡೋಣ. ಮತ್ತೆ ಮತ್ತೆ ಓದುವುದು ಅವರ ಪ್ರಕಾರ ಒಳ್ಳೆಯ ಓದಿನ ಒಂದು ಗುರುತು. ಆ ಅಳತೆಯಲ್ಲಿ ಟೇಪು ಅಂಟಿಸಿಕೊಂಡ ಆ ಪ್ರತಿಗೆ ಸ್ಥಾನ ಸಿಗಬೇಕು. ಆದರೆ ಲೂಯಿಸ್ ಇನ್ನೊಂದನ್ನೂ ಹೇಳುತ್ತಾರೆ: ಪುಸ್ತಕಕ್ಕೆ ತನ್ನನ್ನು ಒಪ್ಪಿಸಿಕೊಳ್ಳುವುದು ಬೇರೆ, ಅದನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುವುದು ಬೇರೆ. ಗೀಟು ಹಾಕಿದವರು ಬಳಸಿಕೊಂಡಿದ್ದಾರೆ ಎಂದೇ ನನ್ನ ಅನಿಸಿಕೆ. ತಮ್ಮ ದುಃಖಕ್ಕೆ ಬೇಕಾದ ಪ್ರಾರ್ಥನೆ ಅಲ್ಲಿ ಸಿದ್ಧವಾಗಿ ಸಿಕ್ಕಿತು, ಅದರ ವಾಕ್ಯರಚನೆ ಅವರಿಗೆ ಮುಖ್ಯವಾಗಲಿಲ್ಲ. ಪ್ರಕಾಶಕರು ತಿರಸ್ಕರಿಸಿದ ಮೇಲೆ ಗೆಳೆಯರೇ ಸೇರಿ 2007ರಲ್ಲಿ ಅಚ್ಚು ಹಾಕಿದ ವಿಲಿಯಂ ಪಾಲ್ ಯಂಗ್ ಅವರ ‘ದ ಶ್ಯಾಕ್’ ಕೋಟಿಗೂ ಮಿಕ್ಕಿ ಮಾರಾಟವಾದದ್ದೂ ಹೀಗೆಯೇ. ಕೊಲೆಯಾದ ಮಗಳ ತಂದೆಯೊಬ್ಬ ದೇವರೊಡನೆ ಮುಖಾಮುಖಿಯಾಗುವ ಆ ಕಥೆಯಲ್ಲಿ ದೇವಶಾಸ್ತ್ರಜ್ಞರು ತಪ್ಪು ಹುಡುಕಿದರು, ವಿಮರ್ಶಕರು ಗದ್ಯದಲ್ಲಿ ತಪ್ಪು ಹುಡುಕಿದರು, ಓದುಗರು ತಂದೆಯ ಪ್ರಶ್ನೆಯನ್ನು ತಮ್ಮದಾಗಿಸಿಕೊಂಡರು.

ಎರಡನೆಯ ದೋಷದ ವಿಷಯದಲ್ಲಿ ಇಷ್ಟು ಉದಾರವಾಗಿರಲು ನನಗೆ ಆಗುವುದಿಲ್ಲ. ಅಮೆರಿಕದ ಕ್ಯಾಥೋಲಿಕ್ ಲೇಖಕಿ ಫ್ಲಾನರಿ ಓ'ಕಾನರ್ ಅದನ್ನು ಗುರುತಿಸಿದ್ದರು: ತನಗೆ ವಿಶ್ವಾಸವಿದೆ ಎಂಬ ಕಾರಣಕ್ಕೆ, ಎದುರಿಗಿರುವ ವಾಸ್ತವವನ್ನು ಹೊಕ್ಕು ನೋಡುವ ಹೊಣೆಯಿಂದ ತನಗೆ ವಿನಾಯಿತಿ ಸಿಕ್ಕಿದೆಯೆಂದು ಲೇಖಕ ಭಾವಿಸಿದಾಗ ಕೆಟ್ಟ ಧಾರ್ಮಿಕ ಕಾದಂಬರಿ ಹುಟ್ಟುತ್ತದೆ. ಕಥೆಯೊಂದನ್ನು ಇಲ್ಲಿಗೇ ತಂದು ನೋಡಬಹುದು. ಕಾಫಿ ತೋಟದ ರೈಟರ್, ಎಂದರೆ ಕೆಲಸಗಾರರ ಹಾಜರಿ ಲೆಕ್ಕ ನೋಡುವವನು, ಒಬ್ಬ ಕುಡುಕ. ಒಂದು ರಾತ್ರಿ ಬೈಬಲಿನ ಒಂದು ವಚನ ಓದುತ್ತಾನೆ, ಮರುದಿನದಿಂದ ಕುಡಿತ ನಿಂತು ಮನೆಯಲ್ಲಿ ನಗು ತುಂಬುತ್ತದೆ. ಈ ಪುಟವನ್ನು ಎಷ್ಟೇ ಸೊಗಸಾದ ಭಾಷೆಯಲ್ಲಿ ಬರೆದರೂ ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಓದುಗಿತ್ತಿ ನಂಬುವುದಿಲ್ಲ. ಬಟವಾಡೆಯ ಸಂಜೆ ಏನಾಗುತ್ತದೆ, ಬಿಟ್ಟವನು ಮೂರನೆಯ ತಿಂಗಳಲ್ಲಿ ಮತ್ತೆ ಹೇಗೆ ಹಿಡಿಯುತ್ತಾನೆ, ಪೂಜೆಗೆ ಬಂದವನ ಪಕ್ಕ ಕುಳಿತವರು ಹೇಗೆ ಸರಿದು ಕೂರುತ್ತಾರೆ ಎಂಬುದು ಅವಳಿಗೆ ಲೇಖಕನಿಗಿಂತ ಚೆನ್ನಾಗಿ ಗೊತ್ತು. ಅವಳು ಅದನ್ನು ದುರ್ಬಲ ಬರವಣಿಗೆ ಎನ್ನಲಾರಳು. ‘ಇದು ಕಥೆಯಲ್ಲಿ ಮಾತ್ರ ಆಗುವುದು’ ಎಂದು ಪುಸ್ತಕ ಮುಚ್ಚುತ್ತಾಳೆ. ಅದೂ ಬರವಣಿಗೆಯ ಮೇಲಿನ ತೀರ್ಪೇ. ಕಾದಂಬರಿಕಾರನಿಗೆ ವಿಶ್ವಾಸ ಮುಖ್ಯವಾಗಿದ್ದರೆ ಮನಸ್ಸು ತಿರುಗುವ ಗಳಿಗೆಯೇ ಅವನ ಅತ್ಯಂತ ಕಷ್ಟದ ಪುಟವಾಗಬೇಕಿತ್ತು. ಈ ಪ್ರಕಾರದಲ್ಲಿ ಸಾಮಾನ್ಯವಾಗಿ ಅದೇ ಅತ್ಯಂತ ಸುಲಭದ ಪುಟ.

ಪ್ರಕಾರದೊಳಗಿನವರಿಗೂ ಇದರ ಅರಿವಿಲ್ಲದೆ ಇಲ್ಲ. ಗುಣಮಟ್ಟವನ್ನು ಗುರುತಿಸಲೆಂದೇ 2000ದಿಂದ ‘ಕ್ರಿಸ್ಟಿ’ ಪ್ರಶಸ್ತಿಗಳನ್ನು ಕೊಡುತ್ತಿದ್ದಾರೆ. ಇನ್ನು ಹೆಸರಿನ ಗಡಿಯ ವಿಷಯ. ಮ್ಯಾರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ ಕಾದಂಬರಿಯಲ್ಲಿ ಆದಿಯಿಂದ ಅಂತ್ಯದವರೆಗೆ ಮಾತನಾಡುವವನು ಒಬ್ಬ ಮುದಿ ಪಾದ್ರಿ, ವಿಷಯವೆಲ್ಲ ಪ್ರಾರ್ಥನೆ, ಪ್ರಸಂಗ, ಕ್ಷಮೆ. 2005ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೂ ಅದನ್ನು ಕ್ರಿಶ್ಚಿಯನ್ ಫಿಕ್ಷನ್ ಎಂದು ಕರೆಯುವ ರೂಢಿಯಿಲ್ಲ, ಏಕೆಂದರೆ ಆ ಪಾದ್ರಿ ತನ್ನ ಗೆಳೆಯನ ಮಗನನ್ನು ಕ್ಷಮಿಸಬಲ್ಲನೇ ಎಂಬುದಕ್ಕೆ ಮೊದಲ ಪುಟದಲ್ಲಿ ಯಾವ ಭರವಸೆಯೂ ಇಲ್ಲ. ಅದನ್ನು ಆ ಶಿಕ್ಷಕಿಗೂ ಕೊಟ್ಟಿದ್ದೆ. ಅರ್ಧಕ್ಕೇ ಹಿಂದಿರುಗಿಸಿದರು. ‘ಪಾದ್ರಿ ನಿಜವಾದ ಪಾದ್ರಿಯೇ,’ ಎಂದರು, ‘ಆದರೆ ಕಥೆ ಶುರುವಾಗುವುದು ಯಾವಾಗ?’