ಪುಡಿ ಮಾಡಲು ಅವಸರ ಬೇಡ

ಕುಶಾಲನಗರದ ಹತ್ತಿರ ನನ್ನ ಪರಿಚಯದವರೊಬ್ಬರು ಕಾಫಿ ಹುರಿದು, ಪುಡಿ ಮಾಡಿ ಮಾರುತ್ತಾರೆ. ಕೆಲಸಕ್ಕೆ ಐದೇ ಜನ. ಹೋದ ಮಳೆಗಾಲದಲ್ಲಿ ಅವರ ಗೋದಾಮಿನ ಮೂಲೆಯಲ್ಲಿ 60:40 ಪುಡಿಯ (60 ಪಾಲು ಕಾಫಿ, 40 ಪಾಲು ಚಿಕೋರಿ) ಪೊಟ್ಟಣಗಳು ಆಳೆತ್ತರ ಬಿದ್ದಿದ್ದವು. ಒಂದನ್ನು ಕತ್ತರಿಸಿ ಮೂಸಿದೆ. ಘಮ ಹೋಗಿ ಹಳೇ ರಟ್ಟಿನ ವಾಸನೆ ಬಂದಿತ್ತು. ಅಂಗಡಿಯವರು ಫೋನ್ ಮಾಡಿ ಕೇಳುತ್ತಿದ್ದದ್ದು ಚಿಕೋರಿ ಇಲ್ಲದ ಪುಡಿ. ಅದು ಒಂದು ಪೊಟ್ಟಣವೂ ಇರಲಿಲ್ಲ.

"ಬಾಗಿಲು ನೈಋತ್ಯಕ್ಕಿದೆ ಸರ್, ಒಡೆಸಿ ಪೂರ್ವಕ್ಕೆ ಇಡಿಸ್ತೀನಿ" ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ಸಣ್ಣ ಘಟಕಗಳ ನಷ್ಟಕ್ಕೆ ಗ್ರಹಚಾರ, ವಾಸ್ತು ಎಂದು ಹೆಸರಿಟ್ಟು ದುಡ್ಡು ಸುರಿಯುವುದನ್ನು ಎಷ್ಟು ಸಲ ನೋಡುವುದು! ಅವರ ತೊಂದರೆ ಇಷ್ಟೆ: ತೀರಾ ಬೇಗ ಪುಡಿ ಮಾಡುತ್ತಿದ್ದರು.

ನಮ್ಮ ಅಡುಗೆಮನೆಗಳಿಗೆ ಇದು ಗೊತ್ತು. ಅಕ್ಕಿ ತರಿ ಡಬ್ಬಿಯಲ್ಲಿದ್ದರೆ ನೆಂಟರು ಬಂದ ಮೇಲೆ ಕಡಂಬುಟ್ಟೋ ಪಾಪುಟ್ಟೋ ಎಂದು ತೀರ್ಮಾನಿಸಬಹುದು. ಹೋಟೆಲಿನವರು ಹಿಟ್ಟು ಇಟ್ಟುಕೊಂಡಿರುತ್ತಾರೆ. ಮಸಾಲೆಯೋ ಈರುಳ್ಳಿಯೋ ಎಂಬುದು ಕಾವಲಿಯ ಮುಂದೆ ನಿರ್ಧಾರವಾಗುತ್ತದೆ. ದರ್ಜಿ ಥಾನನ್ನು ಇಟ್ಟುಕೊಳ್ಳುತ್ತಾನೆ, ಅಳತೆ ತಿಳಿಯದೆ ಕತ್ತರಿ ಹಾಕುವುದಿಲ್ಲ. ಕಾಫಿಯಲ್ಲಂತೂ ಪ್ರಕೃತಿಯೇ ದಾರಿ ತೋರಿಸಿದೆ. ಚೆನ್ನಾಗಿ ಒಣಗಿದ ಹಸಿಬೀಜ ತಿಂಗಳುಗಟ್ಟಲೆ ಕೆಡದು. ಹುರಿದ ಬೀಜಕ್ಕೆ ಕೆಲವೇ ವಾರ. ಪುಡಿಯಾದರೆ ಗಾಳಿ ತಾಗುವ ಮೈ ಹಲವು ಪಟ್ಟು ಹೆಚ್ಚಿ, ಘಮ ದಿನಗಳಲ್ಲೇ ಹಾರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ನಾಲ್ಕು ಬಗೆಯ ಪುಡಿ, ಪ್ರತಿಯೊಂದರ ಮಾರಾಟದಲ್ಲೂ ವಾರಕ್ಕೆ 20 ಕಿಲೋ ಏರುಪೇರು ಎನ್ನೋಣ. ಚಿಕೋರಿಯ ಪಾಲನ್ನು ಸದ್ಯ ಬದಿಗಿಡಿ. ನಾಲ್ಕನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟರೆ ಒಟ್ಟು 80 ಕಿಲೋ ಹೆಚ್ಚುವರಿ ದಾಸ್ತಾನು ಬೇಕು. ಒಂದೇ ಬೀಜವಾಗಿ ಇಟ್ಟರೆ 40 ಸಾಕು. ಯಾಕೆ? ಒಂದರ ಮಾರಾಟ ಏರಿದ ವಾರ ಇನ್ನೊಂದರದು ಇಳಿದಿರಬಹುದು. ಹಾಗಾಗಿ, ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ನಂಟಿಲ್ಲದಿದ್ದರೆ, ಕೂಡಬೇಕಾದದ್ದು ಏರುಪೇರನ್ನಲ್ಲ, ಅದರ ವರ್ಗವನ್ನು: 20ನ್ನು 20ರಿಂದ ಗುಣಿಸಿದರೆ 400, ಅದರ ನಾಲ್ಕು ಪಟ್ಟು 1600, ಅದರ ವರ್ಗಮೂಲ 40. ಮಡಿಕೇರಿ ದಸರೆಗೆ ನಾಲ್ಕೂ ಒಟ್ಟಿಗೇ ಏರುತ್ತವೆ, ಆಗ ಈ ಲಾಭ ಕರಗುತ್ತದೆ. ಆ ವಾರಕ್ಕೆ ಮೊದಲೇ ಕಟ್ಟಿಡಲೇಬೇಕು.

ಕೊನೆಯ ಹೆಜ್ಜೆಯನ್ನು ಮುಂದೂಡುವ ಈ ತತ್ವವನ್ನು ಅಮೆರಿಕದ ಮಾರುಕಟ್ಟೆ ತಜ್ಞ ರೋ ಆಲ್ಡರ್ಸನ್ 1950ರಲ್ಲೇ ಬರೆದಿಟ್ಟರು. ಇಟಲಿಯ ಉಡುಪು ಕಂಪನಿ ಬೆನೆಟನ್ ಬಣ್ಣ ಹಾಕದ ನೂಲಿನಲ್ಲಿ ಸ್ವೆಟರ್ ಹೆಣೆದಿಟ್ಟು, ಯಾವ ಬಣ್ಣ ಓಡುತ್ತದೆಂದು ನೋಡಿಕೊಂಡು ಆಮೇಲೆ ಅದ್ದಿತು. ಹ್ಯೂಲೆಟ್ ಪ್ಯಾಕರ್ಡ್ ತನ್ನ ಪ್ರಿಂಟರುಗಳಿಗೆ ಆಯಾ ದೇಶದ ವಿದ್ಯುತ್ತಿಗೆ ತಕ್ಕ ಭಾಗವನ್ನು ಯುರೋಪಿನ ಗೋದಾಮಿನಲ್ಲೇ ಜೋಡಿಸತೊಡಗಿತು.

ನಮ್ಮವರ ಕೈ ಕಟ್ಟಿಹಾಕಿದ್ದು ಅಚ್ಚು ಹಾಕಿಸಿದ ಕವರು. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ಕಾನೂನು. ಅದಕ್ಕೆಂದು ಬಗೆಬಗೆಗೂ ಸಾವಿರಗಟ್ಟಲೆ ಕವರು ಅಚ್ಚಾಗಿದ್ದವು. ಕವರು ಖಾಲಿಯಾಗಲೆಂದೇ ಪುಡಿ ತುಂಬುತ್ತಿದ್ದರು! ಈಗ ಒಂದೇ ಸಾದಾ ಕವರು, ಮೇಲೆ ಚೀಟಿ. ಬುಧವಾರ ಅಂಗಡಿಗಳ ಆರ್ಡರು ಬರೆದುಕೊಂಡು ಗುರುವಾರ ಹುರಿಯುತ್ತಾರೆ, ಶುಕ್ರವಾರ ಪುಡಿ ಮಾಡುತ್ತಾರೆ. ವಾರಾಂತ್ಯದ ಪ್ರವಾಸಿಗರು ಬರುವಷ್ಟರಲ್ಲಿ ಅಂಗಡಿಗೆ ತಲುಪುತ್ತದೆ. ಬಾಗಿಲು ಇದ್ದಲ್ಲೇ ಇದೆ.

ಮೊನ್ನೆ ಪೀಬರಿಯನ್ನೇ (ಹಣ್ಣಿನೊಳಗೆ ಜೋಡಿಯಾಗದೆ ಒಂಟಿಯಾಗಿ ಬೆಳೆದ ದುಂಡು ಬೀಜ) ಬೇರೆ ಹುರಿದು ಇಪ್ಪತ್ತು ಪೊಟ್ಟಣ ಕಟ್ಟಿ ಕಳಿಸಿದ್ದರು. ಹದಿನಾಲ್ಕು ಹೋದವು. ಫಿಲ್ಟರಿನಲ್ಲಿ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತಿದೆ ಎಂದು ಇಬ್ಬರು ಹೇಳಿದ್ದರಂತೆ. ಈ ಶುಕ್ರವಾರ ಗ್ರೈಂಡರನ್ನು ಒಂದು ಸುತ್ತು ಬಿಗಿ ಮಾಡಿ, ಮತ್ತೆ ಇಪ್ಪತ್ತೇ ಕಟ್ಟುತ್ತಿದ್ದಾರೆ.